ಬೆರಳುದ್ದದ ಬೇರು

ನದಿದಂಡೆಯ ಆ ಆಶ್ರಮದಲ್ಲಿ ದೀಕ್ಷೆ ಕೇಳಿಕೊಂಡು ಬಂದವರಿಗೆ ಮಂತ್ರ ಹೇಳಿಕೊಡುವುದಿಲ್ಲ. ಒಂದು ಬಿಂದಿಗೆ ಕೊಟ್ಟು ಅಂಗಳದ ಗರಿಕೆ ಹುಲ್ಲು ತೋರಿಸುತ್ತಾರೆ. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಹುಲ್ಲು ಉಳಿದರೆ ದೀಕ್ಷೆ. ಸುಟ್ಟುಹೋದರೆ ಊರ ದಾರಿ.

ಈ ಸಲ ಬಿಂದಿಗೆ ಸಿಕ್ಕಿದ್ದು ದುಂಡಪ್ಪನಿಗೆ. ಮಗ್ಗ ತಮ್ಮನಿಗೆ ಒಪ್ಪಿಸಿ, ದೀಕ್ಷೆಯಿಲ್ಲದೆ ತಿರುಗಿ ಬರುವುದಿಲ್ಲ ಎಂದು ಊರಿಗೆಲ್ಲ ಸಾರಿ ಬಂದಿದ್ದ. ಸಾರದೆ ಸುಮ್ಮನೆ ಬಂದಿದ್ದರೆ ತಿರುಗಿ ಹೋಗುವುದಾದರೂ ಸುಲಭವಿತ್ತು!

ಪುಣ್ಯಾತ್ಮ ದಿನಕ್ಕೆ ಏಳು ಸಲ ನೀರು ಚಿಮುಕಿಸುತ್ತಿದ್ದ. ನೋಡಲು ಅಚ್ಚುಕಟ್ಟಾಗಿರಲಿ ಎಂದು ಕುಡುಗೋಲಿನಿಂದ ನೆಲಕ್ಕೆ ಹತ್ತಿದಂತೆ ಸವರುತ್ತಿದ್ದ. ಪ್ರತಿಸಲವೂ ಕೈ ಒರೆಸಿಕೊಂಡು ಅಜ್ಜಾರ ಬಳಿ ಓಡುತ್ತಿದ್ದ. ಗುರುಗಳನ್ನು ಅಲ್ಲಿ ಎಲ್ಲರೂ ಅಜ್ಜಾರು ಎನ್ನುವುದೇ ರೂಢಿ. ನೀರು ಸಾಕೇ? ಇನ್ನೂ ಬೇಕೇ? ನೆರಳು ಕಟ್ಟಲೇ? ಅಜ್ಜಾರು ಒಂದೊಂದು ಮಾತು ಹೇಳಿ ಕಳಿಸುತ್ತಿದ್ದರು.

ಯುಗಾದಿ ಕಳೆಯುವ ಹೊತ್ತಿಗೆ ಅರ್ಧ ಅಂಗಳ ಹಳದಿಯಾಯಿತು.

ದುಂಡಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ಹೊಟ್ಟೆ ಉರಿದದ್ದು ದನದ ಕೊಟ್ಟಿಗೆಯ ಹಿಂದಿನ ಹುಲ್ಲು ಕಂಡು. ಅದನ್ನು ಯಾರೂ ಕತ್ತರಿಸುತ್ತಿರಲಿಲ್ಲ. ಎಂಟು ದಿನಕ್ಕೊಮ್ಮೆ ನೀರಿನ ತೊಟ್ಟಿ ತೊಳೆದಾಗ ಅಷ್ಟೂ ನೀರು ಅಲ್ಲಿಗೆ ಹರಿಯುತ್ತಿತ್ತು, ಅಷ್ಟೇ. ಆ ಹುಲ್ಲು ಪಾದ ಮುಚ್ಚುವಷ್ಟು ಬೆಳೆದು ಹಸಿರಾಗಿ ನಿಂತಿತ್ತು.

ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಅಜ್ಜಾರ ಮುಂದೆ ಬಂದ. ಕಣ್ಣು ತುಂಬಿತ್ತು. ತನ್ನಿಂದ ಆಗಲಿಲ್ಲ, ಎಲ್ಲಿ ತಪ್ಪಿದೆನೋ ಗೊತ್ತಿಲ್ಲ, ಹೊರಡುತ್ತೇನೆ ಎಂದ.

ಅಜ್ಜಾರು ಎದ್ದರು. ಅಂಗಳದ ಹಳದಿ ಹುಲ್ಲನ್ನು ಎರಡೇ ಬೆರಳಲ್ಲಿ ಎಳೆದರು. ಸಲೀಸಾಗಿ ಬಂತು. ಬೇರು ಒಂದು ಬೆರಳುದ್ದವೂ ಇರಲಿಲ್ಲ.

ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದು, ಅಲ್ಲಿಯದನ್ನು ಕೀಳಲು ಹೇಳಿದರು. ದುಂಡಪ್ಪ ಎರಡೂ ಕೈ ಹಾಕಿ ಜಗ್ಗಿದ. ಎಸಳು ಹರಿದು ಕೈಗೆ ಬಂದವು. ಬೇರು ಅಲುಗಲಿಲ್ಲ.

ಅವನ ಗೊಂದಲ ಇನ್ನೂ ಹೆಚ್ಚಾಯಿತು.

"ಇದಕ್ಕ ಯಾರೂ ದಿನಾ ನೀರು ಹಾಕಂಗಿಲ್ಲ. ಇದರ ಬೇರು ಇಷ್ಟು ಆಳ ಹೆಂಗ ಹೋತ್ರಿ ಅಜ್ಜಾರ?"

"ಮ್ಯಾಲೆ ಸಿಗಲಿಲ್ಲ. ಹುಡುಕ್ಕೊಂತ ಕೆಳಗ ಹೋತು."

"ಹಂಗಾರ ನನ್ನ ಹುಲ್ಲು ಸತ್ತಂಗರಿ?"

ಅಜ್ಜಾರು ಕಿತ್ತ ಹುಲ್ಲನ್ನು ಅವನ ಅಂಗೈಗೆ ಇಟ್ಟರು. ತುದಿಯೆಲ್ಲ ಒಣಗಿತ್ತು. ಬುಡದಲ್ಲಿ ಮಾತ್ರ ಸಾಸಿವೆಯಷ್ಟು ಹಸಿರು ಉಳಿದಿತ್ತು.

ದುಂಡಪ್ಪ ಅದನ್ನೇ ನೋಡುತ್ತ ನಿಂತ. ಪ್ರೀತಿಯಿಂದ ಹಾಕಿದ ನೀರೇ ಹೀಗೆ ಮಾಡಿತೆಂದರೆ ನಂಬುವುದು ಹೇಗೆ? ನಂಬದೆ ಬಿಡುವುದು ಹೇಗೆ? ಕೊನೆಗೆ ಅಭ್ಯಾಸಬಲದಂತೆ ಬಾಯಿ ತೆರೆದ. ಅದು ಆ ದಿನದ ಏಳನೆಯ ಪ್ರಶ್ನೆ.

"ಈಗ ನಾ ಏನು ಮಾಡ್ಲಿರಿ ಅಜ್ಜಾರ?"

ಅಜ್ಜಾರು ಅವನ ಹೆಗಲಿನ ಗಂಟನ್ನು ಇಳಿಸಿ ನೆಲಕ್ಕಿಟ್ಟರು.

"ಹುಲ್ಲಿಗೆ ಎಂಟು ದಿನಕ್ಕೊಮ್ಮೆ ಹೊಟ್ಟಿ ತುಂಬ ನೀರು ಬಿಡು. ಆ ಎಂಟು ದಿನ ನೀನೂ ನನ್ನ ಹತ್ರ ಬರಬ್ಯಾಡ."