ಒಂಬತ್ತು ಜನ ಓದಿದ ಮಾತು

ಮಲಪ್ರಭಾ ದಂಡೆಯ ಮೇಲೆ ನೀಲಗಂಗವ್ವನವರ ಆಶ್ರಮ. ಅವರಿಗೆ ಎಪ್ಪತ್ತು ದಾಟಿತ್ತು. ಶಿಷ್ಯರು ಒಂಬತ್ತು ಜನ. ಎಲ್ಲರೂ ಅವರನ್ನು ಅವ್ವಾರು ಎನ್ನುತ್ತಿದ್ದರು.

ಮನಸ್ಸು ಭಾರವಾದವರು ಮೊದಲೆಲ್ಲ ನಡೆದು ಬರುತ್ತಿದ್ದರು. ಈಗ ಬಹಳ ಜನ ದೂರದಿಂದಲೇ ಬರೆಯುತ್ತಿದ್ದರು. ಆಶ್ರಮದ ವೆಬ್‌ಸೈಟಿನ ಮೂಲೆಯಲ್ಲಿ ಒಂದು ಸಣ್ಣ ಚಾಟ್ ಕಿಟಕಿ ಇತ್ತು. 'ಮಾತಾಡಬೇಕೆನಿಸಿದರೆ ಇಲ್ಲಿ ಬರೆಯಿರಿ' ಎಂದು ಅದರ ಮೇಲಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವನು ಚನ್ನವೀರ. ಹಿಂದೆ ಗದಗಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಆಶ್ರಮಕ್ಕೆ ಬಂದು ಆರು ವರ್ಷವಾಗಿತ್ತು. ಕಂಪ್ಯೂಟರ್ ಇದ್ದದ್ದು ಆಫೀಸಿನ ಕೋಣೆಯಲ್ಲಿ. ಉಳಿದ ಕೆಲಸ ಮುಗಿಸಿ ಅವನು ಅಲ್ಲಿಗೆ ಹೋಗುವ ಹೊತ್ತಿಗೆ ಬರೆದವರು ಕಾದು ಕಾದು ಹೋಗಿಬಿಟ್ಟಿರುತ್ತಿದ್ದರು.

ಒಂದು ಮುಂಜಾನೆ ಅವನು ಅವ್ವಾರ ಹತ್ತಿರ ಹೋದ.

"ಅವ್ವಾರ, ಆ ಚಾಟನ್ನ ನಮ್ಮ ಗುಂಪಿನ ಮೆಸೇಜ್ ಆಪಿಗೆ ಜೋಡಿಸ್ತೀನ್ರಿ. ಯಾರು ಬರೆದ್ರೂ ಒಂಬತ್ತೂ ಜನರ ಫೋನಿಗೆ ಒಮ್ಮೆಲೇ ಬರ್ತೈತಿ. ಅಲ್ಲಿಂದಲೇ ಉತ್ತರ ಕೊಡಬಹುದು."

"ಯಾರು ಕೊಡ್ತಾರ?"

"ಎಲ್ಲಾರೂ."

"ಎಲ್ಲಾರೂ ಅಂದ್ರ ಯಾರು?"

ಚನ್ನವೀರ ನಕ್ಕ. ಅವ್ವಾರು ನಗಲಿಲ್ಲ.

"ಜೋಡಿಸು" ಎಂದರು.

ಅವನ ಅವಸರಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಂಟು ವರ್ಷದ ಹಿಂದೆ ಅವನ ತಂಗಿ ಬೇರೆ ಜಾತಿಯ ಒಬ್ಬ ನೇಕಾರನನ್ನು ಮದುವೆಯಾಗಿದ್ದಳು. ಆಶೀರ್ವಾದ ಬೇಡಿಕೊಂಡು ಗಂಡನ ಜೊತೆ ಮನೆಗೆ ಬಂದಾಗ ಚನ್ನವೀರ ಒಳಗೆ ಬಿಡಲಿಲ್ಲ. "ನಮ್ಮ ಪಾಲಿಗೆ ನೀ ಇಲ್ಲ" ಎಂದಿದ್ದ. ಮರುವರ್ಷ ತಾಯಿ ತೀರಿಕೊಂಡಳು. ತಂಗಿಗೆ ಸುದ್ದಿ ಮುಟ್ಟಿಸಲಿಲ್ಲ.

ಈಗ ಆ ಚಾಟ್ ಕಿಟಕಿಯ ಪಕ್ಕದಲ್ಲಿ ಅವನು ತನ್ನ ಫೋಟೋ ಹಾಕಿದ್ದ. ಕೆಳಗೆ 'ಚನ್ನವೀರ, ಗದಗ' ಎಂದು ಬರೆದಿದ್ದ. ಎಂದಾದರೂ ಅವಳ ಕಣ್ಣಿಗೆ ಬಿದ್ದೀತು, ಒಂದು ಸಾಲು ಬರೆದಾಳು ಎಂಬ ಆಸೆ.

ಜೋಡಿಸಿದ ಮೊದಲ ವಾರ ಆಶ್ರಮವೇ ಚುರುಕಾಯಿತು. ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ತೋಟದಲ್ಲಿ ಒಟ್ಟಿಗೆ ಫೋನು ಸದ್ದು ಮಾಡುತ್ತಿದ್ದವು. ಎಲ್ಲರೂ ಉತ್ತರ ಬರೆದರು.

ಹೆಂಡತಿ ತೀರಿಕೊಂಡ ಒಬ್ಬರಿಗೆ ನಾಲ್ಕು ನಿಮಿಷದಲ್ಲಿ ಐದು ಉತ್ತರ ಹೋದವು. ಒಬ್ಬರು ಅಳಿರಿ ಎಂದಿದ್ದರು, ಇನ್ನೊಬ್ಬರು ಅಳಬೇಡಿರಿ ಎಂದಿದ್ದರು. "ನಾನು ಎಷ್ಟು ಜನರ ಕೂಡ ಮಾತಾಡ್ತಾ ಇದ್ದೀನ್ರಿ?" ಎಂದು ಕೇಳಿ ಆ ಮನುಷ್ಯ ಹೋಗಿಬಿಟ್ಟರು.

ಅಂದಿನಿಂದ ಎಲ್ಲರೂ ಹಿಂಜರಿದರು. ಬೇರೆ ಯಾರಾದರೂ ಬರೆಯಲಿ ಎಂದು ಬಿಟ್ಟುಕೊಟ್ಟರು.

ಮಂಗಳವಾರ ಮಧ್ಯಾಹ್ನ ಒಂದು ಸಾಲು ಬಂತು. "ಯಾರಾದರೂ ಇದ್ದೀರೇನ್ರಿ?"

ಚನ್ನವೀರ ಕುಂಬಳಕಾಯಿ ಹೆಚ್ಚುತ್ತಿದ್ದ. ನೋಡಿದ. ಎದುರಿಗೆ ಕೂತಿದ್ದ ಇನ್ನೊಬ್ಬ ಶಿಷ್ಯೆ ಶಂಕ್ರಮ್ಮ ಕೂಡ ಫೋನು ನೋಡಿದಳು. ಅವಳು ಬರೆಯುತ್ತಾಳೆ ಎಂದುಕೊಂಡು ಅವನು ಮತ್ತೆ ಚಾಕು ಹಿಡಿದ.

ಕೈ ತೊಳೆದುಕೊಂಡು ಬಂದು ನೋಡಿದರೆ ಇನ್ನೂ ಎರಡು ಸಾಲು ಬಂದಿದ್ದವು.

"ನಮ್ಮ ಅವ್ವನ ಬಗ್ಗೆ ಕೇಳೋದಿತ್ತು."

"ಇರಲಿ ಬಿಡ್ರಿ."

ಒಂಬತ್ತೂ ಜನ ಓದಿದ್ದರು. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ.

"ಇದ್ದೀನಿ, ನಾ ಇಲ್ಲೇ ಇದ್ದೀನಿ" ಎಂದು ಚನ್ನವೀರ ಬರೆದ. ಅತ್ತ ಕಡೆಯವರು ಆಗಲೇ ಪುಟ ಮುಚ್ಚಿದ್ದರು. ಹೆಸರಿಲ್ಲ, ನಂಬರಿಲ್ಲ.

ಅವನು ಹೊಳೆಯ ಕಡೆ ಓಡಿದ. ಅವ್ವಾರು ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟಿದ್ದರು. ಅವನು ಎಲ್ಲವನ್ನೂ ಹೇಳಿದ. ಆರು ವರ್ಷ ಹೇಳದೆ ಉಳಿದದ್ದನ್ನೂ ಹೇಳಿದ.

"ಅಕಿ ನನ್ನ ತಂಗೀನ ಇದ್ದಿರಬೇಕ್ರಿ."

"ಇದ್ದಿರಬಹುದು."

"ಅಲ್ಲದಿದ್ರ?"

"ಅಲ್ಲದಿದ್ರ ಬ್ಯಾರೆ ಯಾರದೋ ತಂಗಿ."

ಅವನು ತಲೆ ತಗ್ಗಿಸಿದ.

"ಆ ಜೋಡಣಿ ಕಿತ್ತು ಹಾಕ್ತೀನ್ರಿ, ಅವ್ವಾರ."

"ಅದೇನು ತಪ್ಪು ಮಾಡೇತಿ? ಒಂಬತ್ತೂ ಮಂದೀನ ಕರೀತು."

ಸಂಜೆ ಅವ್ವಾರು ಎಲ್ಲರನ್ನೂ ಕೂರಿಸಿದರು. ವಾರದ ಏಳು ದಿನಕ್ಕೆ ದಿನಕ್ಕೊಬ್ಬರು, ಉಳಿದ ಇಬ್ಬರು ಯಾರಿಗಾದರೂ ಆಗದ ದಿನಕ್ಕೆ ಎಂದು ಗೊತ್ತು ಮಾಡಿದರು. ಅವತ್ತಿನವರು ಬೇರೆ ಕೆಲಸ ಹಿಡಿಯಬಾರದು. ಉಳಿದವರು ಬಾಯಿ ಹಾಕಬಾರದು.

"ಎಲ್ಲಾ ದಿನಾನೂ ನನಗ ಕೊಡ್ರಿ" ಎಂದು ಚನ್ನವೀರ ಬೇಡಿಕೊಂಡ.

"ಬ್ಯಾಡ. ನೀ ಒಬ್ಬಾಕಿ ದಾರಿ ನೋಡ್ತಿ. ಬಂದವರೆಲ್ಲಾ ನಿನಗ ಅಕಿ ಅಲ್ಲದವರು ಆಗ್ತಾರ."

ಅವನಿಗೆ ಶುಕ್ರವಾರ ಬಂತು.

ಮೂರನೆಯ ಶುಕ್ರವಾರ ಒಬ್ಬ ಮುದುಕರು ಬರೆದರು. "ಹನ್ನೊಂದು ವರ್ಷದ ಹಿಂದೆ ಮಗನನ್ನ ಮನೆಯಿಂದ ಹೊರಗ ಹಾಕಿದೆ. ಅವನ ನಂಬರ್ ಸಿಕ್ಕೈತಿ. ಏನಂತ ಶುರು ಮಾಡಲಿ?"

ಚನ್ನವೀರ ಫೋನು ಹಿಡಿದುಕೊಂಡು ಅವ್ವಾರ ಹತ್ತಿರ ಹೋದ. "ಇದಕ್ಕ ನೀವೇ ಹೇಳ್ರಿ. ನನಗ ತಿಳಿಯೂದಿಲ್ಲ."

ಅವ್ವಾರು ಓದಿ ಫೋನನ್ನು ಅವನ ಕೈಗೇ ಕೊಟ್ಟರು. "ನಮ್ಮೊಳಗ ಇದು ತಿಳಿದಾಂವ ನೀ ಒಬ್ಬನ."

ಅವನು ಬೇವಿನ ಮರದ ಕೆಳಗೆ ಕೂತು ಬಹಳ ಹೊತ್ತು ಬರೆದ, ಅಳಿಸಿದ. ಕೊನೆಗೆ ಕಳಿಸಿದ್ದು ಇಷ್ಟು: "ತಪ್ಪು ನಂದು ಅಂತ ಶುರು ಮಾಡ್ರಿ. ಯಾಕ ಹಂಗ ಮಾಡಿದೆ ಅಂತ ಹೇಳಬ್ಯಾಡ್ರಿ. ಅವನ ಮಕ್ಕಳ ಹೆಸರು ಕೇಳ್ರಿ."

"ಕಳಿಸಿದೆ" ಎಂದು ಮುದುಕರಿಂದ ಬಂತು. ಸ್ವಲ್ಪ ಹೊತ್ತಿಗೆ, "ಅಂವ ನೋಡ್ಯಾನ. ಏನೂ ಬರದಿಲ್ಲ."

"ನಾ ಇಲ್ಲೇ ಇದ್ದೀನ್ರಿ" ಎಂದು ಚನ್ನವೀರ ಬರೆದ.

ಇಬ್ಬರೂ ಕಾದರು. ಊಟಕ್ಕೆ ಕರೆದರೂ ಅವನು ಏಳಲಿಲ್ಲ. ಆಗಾಗ ಮುದುಕರು "ಇದ್ದೀರೇನ್ರಿ?" ಎಂದು ಕೇಳುತ್ತಿದ್ದರು. "ಇದ್ದೀನ್ರಿ" ಎಂದು ಇವನು ಬರೆಯುತ್ತಿದ್ದ. ಮರದ ನೆರಳು ಗೋಡೆಯವರೆಗೆ ಚಾಚಿತು.

ದನ ಮನೆಗೆ ಬರುವ ಹೊತ್ತಿಗೆ ಮತ್ತೆ ಫೋನು ಸದ್ದು ಮಾಡಿತು.

"ಇಬ್ಬರು ಹೆಣ್ಣುಮಕ್ಕಳಂತ. ಹೆಸರು ಬರದು ಕಳಿಸ್ಯಾನ."

ಚನ್ನವೀರ ಆ ಸಾಲನ್ನು ಮತ್ತೆ ಮತ್ತೆ ಓದಿದ. ತಂಗಿಗೂ ಮಕ್ಕಳಿರಬಹುದು. ಎಷ್ಟು ಜನವೋ, ಏನು ಹೆಸರೋ.

ಅವನು ಅವ್ವಾರ ಮುಂದೆ ಬಂದು ನಿಂತ.

"ಅವರ ಹತ್ರ ನಂಬರ್ ಇತ್ತು, ಅವ್ವಾರ. ನನ್ನ ಹತ್ರ ಏನೂ ಇಲ್ಲ. ಇಳಕಲ್ಲಿನ ಕಡೆ ಅದಾಳ ಅಂತ ಒಮ್ಮೆ ಯಾರೋ ಅಂದಿದ್ರು. ಅದೂ ಐದು ವರ್ಷದ ಮಾತು."

"ಇಳಕಲ್ಲಿಗೆ ಬಸ್ಸಿಲ್ಲೇನು?"

"ಐತ್ರಿ. ಆದ್ರ ನಾ ಹೋದಾಗ ಅಕಿ ಇಲ್ಲಿ ಬರೆದ್ರ?"

"ಇಲ್ಲಿ ಎಂಟು ಮಂದಿ ಅದಾರ. ನಿನ್ನ ಶುಕ್ರವಾರ ನಾ ಕೂರ್ತೀನಿ."

ಅವನು ಫೋನನ್ನು ಜೇಬಿಗಿಟ್ಟ.

"ನಿನ್ನ ತಂಗಿ ಹೆಸರೇನು?" ಎಂದು ಅವ್ವಾರು ಕೇಳಿದರು.

ಅವನ ಬಾಯಿಂದ ಹೆಸರು ತಟ್ಟನೆ ಹೊರಡಲಿಲ್ಲ.

"ಕಸ್ತೂರಿ" ಎಂದ.

"ಇಳಕಲ್ಲಿನ ಓಣಿ ಓಣಿ ಹೊಕ್ಕು ಕೇಳು."

"ಸಿಗದಿದ್ರ, ಅವ್ವಾರ?"

"ಕಸ್ತೂರಿ ನನ್ನ ತಂಗಿ ಅಂತ ಎಷ್ಟು ಮನಿ ಮುಂದ ಹೇಳ್ತಿಯೋ, ಅಷ್ಟು ಸರ್ತಿ ಅಕಿ ನಿನಗ ತಂಗಿ ಆಗ್ತಾಳ."