ಮೇಷ್ಟ್ರ ಕಿವಿಗೊಂದು ಪರೀಕ್ಷೆ

ರತ್ನಮಾಲಾಗೆ ಅನುಮಾನ ಹತ್ತಿದ್ದು ಕರೆಂಟು ಹೋದ ದಿನ.

ಯುಪಿಎಸ್ಸು ಕೀಂ ಕೀಂ ಎಂದು ಬಡಕೊಳ್ಳುತ್ತಿತ್ತು. ಅದರ ಪಕ್ಕದಲ್ಲೇ ಕೂತಿದ್ದ ಗೌರಿಶಂಕರ ಮೇಷ್ಟ್ರು ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕಂಪ್ಯೂಟರ್ ಆರಿಹೋದ ಮೇಲೆ ತಲೆ ಎತ್ತಿ, "ಏನಮ್ಮಾ, ಕರೆಂಟ್ ಹೋಯ್ತಾ?" ಎಂದರು.

ಅವಳ ಎದೆ ಧಸಕ್ಕೆಂದಿತು. ಇವರಿಗೆ ಕಿವಿ ಕೇಳಿಸುತ್ತಾ?

ಇಂಥ ಅನುಮಾನ ಬೇರೆ ಯಾರ ಮೇಲಾದರೂ ಬರಲಿ, ಪರವಾಗಿಲ್ಲ. ಮೇಷ್ಟ್ರ ಕಸುಬೇ ಕಿವಿಯದು. ಸಿನಿಮಾದಲ್ಲಿ ನಟರು ಆಡಿದ ಮಾತನ್ನು ತಿದ್ದುವುದು. ಶೂಟಿಂಗಿನಲ್ಲಿ ಮಾತಿನ ಜೊತೆ ಆಟೋ, ನಾಯಿ, ಫ್ಯಾನು ಎಲ್ಲವೂ ರೆಕಾರ್ಡ್ ಆಗಿರುತ್ತವೆ. ಆ ಕಸ ತೆಗೆಯಬೇಕು. ಒಂದು ಟೇಕಿನ ಅರ್ಧ ಮಾತಿಗೆ ಇನ್ನೊಂದು ಟೇಕಿನ ಅರ್ಧ ಸೇರಿಸಿ, ಹೊಲಿಗೆ ಗೊತ್ತಾಗದ ಹಾಗೆ ಕೂಡಿಸಬೇಕು. ಇದನ್ನು ಕಲಿಯಲೆಂದೇ ಅವಳು ಟಿವಿ ಚಾನಲ್ಲಿನ ಕೆಲಸ ಬಿಟ್ಟು, ಕಪಿಲಾ ದಂಡೆಯ ಈ ಮನೆಗೆ ಬಂದು ವರ್ಷಗಳಾಗಿದ್ದವು. ಮೇಷ್ಟ್ರು ಕಿವುಡರಾದರೆ ಅವಳು ಕಲಿತದ್ದೆಲ್ಲ ಏನು? ಬರೀ ಬೂದಿಯಾ?

ಅನುಮಾನ ಒಳಗೆ ಹೊಕ್ಕಿತಲ್ಲ, ಇನ್ನು ಕೇಳಬೇಕೆ! ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು.

ಅವಳು ತಿದ್ದಿದ್ದನ್ನು ಕೇಳಿಸಿದಾಗ ಮೇಷ್ಟ್ರು, "ಇಲ್ಲಿ ಇನ್ನೊಮ್ಮೆ ಕೇಳು" ಅನ್ನುತ್ತಿದ್ದರು.

"ಏನು ತಪ್ಪಾಗಿದೆ ಮೇಷ್ಟ್ರೇ?"

"ನೀನೇ ಹೇಳು."

ಆಗ ಅದು ಗುರುವಿನ ದೊಡ್ಡತನ ಅನ್ನಿಸುತ್ತಿತ್ತು. ಈಗ ಮೈ ಉರಿಯಿತು. ಗಿಣಿಶಾಸ್ತ್ರದವನೂ ಹೀಗೇ ಅಲ್ಲವೇ? ತಾನೇನೂ ಹೇಳದೆ ನಮ್ಮ ಬಾಯಿಂದಲೇ ಎಲ್ಲ ಹೊರಡಿಸುತ್ತಾನೆ.

ಸರಿ, ಪರೀಕ್ಷೆ ಮಾಡಿಯೇ ಬಿಡುತ್ತೇನೆ ಎಂದು ಅವಳು ಹಟಕ್ಕೆ ಬಿದ್ದಳು.

ಕೈಯಲ್ಲಿದ್ದದ್ದು ಹೊಸ ಡೈರೆಕ್ಟರೊಬ್ಬನ ಮೊದಲ ಸಿನಿಮಾ. ಗಂಡನನ್ನು ಕಳಕೊಂಡು ಬಳೆ ತೆಗೆದಿಟ್ಟ ತಾಯಿ, ಊರು ಬಿಡುವ ಮಗಳಿಗೆ "ಹೋಗು, ನಾನು ಚೆನ್ನಾಗಿರ್ತೀನಿ" ಅನ್ನುವ ಸೀನು. ರಿಹರ್ಸಲ್ಲನ್ನೂ ರೆಕಾರ್ಡ್ ಮಾಡಿಕೊಳ್ಳುವುದು ಈ ಕಸುಬಿನ ರೂಢಿ. ರಿಹರ್ಸಲ್ಲಿನಲ್ಲಿ ನಟಿ ತನ್ನ ಗಾಜಿನ ಬಳೆ ಇನ್ನೂ ಬಿಚ್ಚಿರಲಿಲ್ಲ. ರತ್ನಮಾಲಾ ಆ ಮಾತನ್ನು ಅಲ್ಲಿಂದ ಕತ್ತರಿಸಿ ತಂದು, ಬೇಕೆಂತಲೇ ಇಲ್ಲಿಗೆ ಅಂಟಿಸಿದಳು. ತಾಯಿಯ ಮಾತಿನ ಕೆಳಗೆ ಸಣ್ಣಗೆ ಬಳೆ ಕಿಣಿಗುಟ್ಟಿತು. ಬೋಳುಗೈಯ ಹೆಂಗಸಿನ ಮಾತಿನಲ್ಲಿ ಬಳೆ! ಕಿವಿ ಇದ್ದವನು ಹೌಹಾರಲೇಬೇಕು.

ಮೇಷ್ಟ್ರನ್ನು ಕರೆದು ಕೇಳಿಸಿದಳು. ಪರದೆಯನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಾ ಕೂತಳು.

ಬಳೆ ಬಂತು. ಹೋಯಿತು. ಮೇಷ್ಟ್ರ ರೆಪ್ಪೆ ಕೂಡ ಅಲುಗಲಿಲ್ಲ.

"ಸರಿ ಇದೆ. ಕಳಿಸಿಬಿಡು" ಎಂದು ಎದ್ದು, ಹೆಗಲಿಗೆ ಟವೆಲ್ ಹಾಕಿಕೊಂಡು ನದಿ ಕಡೆ ಹೊರಟರು.

ಸಿಕ್ಕಿಬಿದ್ದೆಯಾ ಮುದುಕಾ! ಅವಳಿಗೆ ಚಪ್ಪಾಳೆ ತಟ್ಟುವಷ್ಟು ಖುಷಿ. ಮರುಕ್ಷಣವೇ ಅಳು ಬಂತು.

ಅಷ್ಟರಲ್ಲಿ ಡೈರೆಕ್ಟರ್ ಫೋನು.

"ಮೇಡಂ, ಆ ಸೀನು ಮೇಷ್ಟ್ರು ಓಕೆ ಅಂದ್ರಾ?"

"ಅಂದ್ರು."

"ಹಾಗಾದ್ರೆ ಕಳಿಸಿಬಿಡಿ. ಮೇಷ್ಟ್ರು ಓಕೆ ಅಂದಮೇಲೆ ನಾನೇನು ಕೇಳೋದು? ಸೀದಾ ಮಿಕ್ಸಿಂಗಿಗೆ ಹಾಕ್ತೀವಿ."

ಕಳಿಸಿದರೆ ಆಯಿತು. ಥಿಯೇಟರಿನಲ್ಲಿ ಬಳೆ ಕೇಳಿಸುತ್ತದೆ, ಜನ ನಗುತ್ತಾರೆ. ಮೇಷ್ಟ್ರ ಕಿವಿಯ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಈ ಕುರ್ಚಿ ಯಾರದು? ಅವಳದೇ. ಅವಳು ಸುಳ್ಳು ಹೇಳಬೇಕಾಗಿಯೂ ಇಲ್ಲ. ಓಕೆ ಅಂದವರು ಅವರೇ ತಾನೇ.

ಕಳಿಸುವ ಮುಂಚೆ ಕೊನೆಯದಾಗಿ ಒಮ್ಮೆ ಕೇಳೋಣ ಎಂದುಕೊಂಡಳು.

"ಹೋಗು, ನಾನು ಚೆನ್ನಾಗಿರ್ತೀನಿ."

ಕಿಣಿ ಕಿಣಿ.

ಆ ತಾಯಿ ಏನು ಪಾಪ ಮಾಡಿದ್ದಳು? ಇನ್ನೊಮ್ಮೆ ಕೇಳಿದಳು. ಆಗಲಿಲ್ಲ, ಅವಳ ಕೈಲಿ ಆಗಲೇ ಇಲ್ಲ. ತನಗೆ ತಾನೇ ಬೈದುಕೊಳ್ಳುತ್ತಾ ಆ ಮಾತನ್ನು ಕಿತ್ತುಹಾಕಿ, ಮೊದಲಿದ್ದ ಮಾತನ್ನು ಅಲ್ಲಿಗೆ ಸೇರಿಸಿ, ಕಳಿಸಿ, ಸೀದಾ ನದಿಗೆ ಹೋದಳು.

ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಿದ್ದರು. ಅವಳು ಅವರ ಎದುರಿಗೇ ಹೋಗಿ ನಿಂತಳು.

"ಮೇಷ್ಟ್ರೇ, ಆ ಸೀನಿನಲ್ಲಿ ಬಳೆ ಸದ್ದಿತ್ತು. ನಾನೇ ಹಾಕಿದ್ದೆ."

"ಬಳೆಯಾ? ನನಗೆ ಕೇಳಿಸಲಿಲ್ಲ ಕಣಮ್ಮಾ. ಮಾತು ಕೇಳಿಸುತ್ತದೆ, ಕೀಂ, ಕಿಣಿ ಅನ್ನುವಂಥ ಚೂಪು ಸದ್ದು ಕೇಳಿಸದೆ ಬಹಳ ಕಾಲವಾಯಿತು."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಅವಳಿಗೆ ಸಿಟ್ಟು ನೆತ್ತಿಗೇರಿತು.

"ಮತ್ತೆ ಇಷ್ಟು ವರ್ಷ ನನ್ನ ತಪ್ಪು ಹಿಡಿದಿದ್ದು? ಎಲ್ಲ ನಾಟಕವಾ?"

"ನಿನ್ನ ಮುಖ ನೋಡಿ ಹಿಡಿಯುತ್ತಿದ್ದೆ. ತಪ್ಪಿರುವ ಜಾಗ ಬಂದರೆ ನಿನ್ನ ಹುಬ್ಬು ಒಂಚೂರು ಗಂಟಾಗುತ್ತದೆ. ನಿನ್ನ ಕಿವಿಗೆ ಮೊದಲೇ ಗೊತ್ತಿರುತ್ತದೆ. ಅದನ್ನು ನೀನು ನಂಬುತ್ತಿರಲಿಲ್ಲ, ಅಷ್ಟೇ. ನಾನು ನಂಬಿದೆ."

ಅವಳು ಅವರ ಪಕ್ಕ ಕೂತು, "ಇವತ್ತು ಗೊತ್ತಾಗಲಿಲ್ಲ ಅಲ್ವಾ?" ಎಂದಳು.

"ಯಾಕೆ ಗೊತ್ತಾಗಲಿಲ್ಲ? 'ನಾನು ಚೆನ್ನಾಗಿರ್ತೀನಿ' ಅನ್ನೋ ಕಡೆ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡ್ತಿದ್ದೆ. ಅಲ್ಲೇನೋ ಇಟ್ಟಿದ್ದಾಳೆ ಇವಳು ಅಂದುಕೊಂಡೆ."

"ಅಯ್ಯೋ, ಗೊತ್ತಾಗಿಯೂ ಸರಿ ಇದೆ ಅಂದ್ರಾ?"

"ನಿನಗೇ ಗೊತ್ತಿರೋ ತಪ್ಪನ್ನ ನಾನೇನು ಹೇಳೋದು?"

"ಮೇಷ್ಟ್ರೇ, ನಾನು ಅದನ್ನ ಹಾಗೇ ಕಳಿಸಿಬಿಟ್ಟಿದ್ದರೆ?"

ಮೇಷ್ಟ್ರು ಒದ್ದೆ ಟವೆಲ್ ಹಿಂಡಿ ಹೆಗಲಿಗೆ ಹಾಕಿಕೊಂಡರು.

"ಕಳಿಸಿದ್ದರೆ, ನಮ್ಮ ಮನೆಯಲ್ಲಿ ಕಿವುಡರು ಇಬ್ಬರಾಗುತ್ತಿದ್ದರು."