ಎರಡನೇ ಗೇರಿನ ಅರೆ ಉಸಿರು

ತುಂಗಭದ್ರೆಯ ದಂಡೆಯಲ್ಲಿ ಒಂದು ತಗಡಿನ ಚಪ್ಪರ. ಹಳೆಯ ಕಾರುಗಳ ಗ್ಯಾರೇಜು. ಊರಿನವರು ಅದನ್ನು ಆಶ್ರಮ ಎಂದು ಗೇಲಿ ಮಾಡುತ್ತಿದ್ದರು. ಗುರುವಿಗೆ ಗಡ್ಡವೇನೋ ಇತ್ತು, ಶಾಂತಿ ಇರಲಿಲ್ಲ.

ಗುರು ಇಮಾಮ್ ಉಸ್ತಾದ್. ಶಿಷ್ಯೆ ಶಾಂಭವಿ.

ಉಸ್ತಾದರದ್ದೇ ಒಂದು ಕೆಂಪು ಕಾರಿತ್ತು, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಅದರ ಎರಡನೇ ಗೇರು ಮಹಾ ಹಟಮಾರಿ. ಲಿವರನ್ನು ನಡುವೆ ನಿಲ್ಲಿಸಿ, ಅರೆ ಉಸಿರು ಕಾದು, ಆಮೇಲೆ ಒತ್ತಬೇಕು. ಅವಸರ ಮಾಡಿದರೆ ಕಿರುಚುತ್ತಿತ್ತು. ಆ ಅರೆ ಉಸಿರು ಕಲಿಯಲು ಶಾಂಭವಿಗೆ ವರ್ಷಗಳೇ ಹಿಡಿದವು.

“ಇದನ್ನ ಸ್ವಲ್ಪ ಸಡಿಲ ಮಾಡಬಾರದಾ, ಉಸ್ತಾದ್?” ಎಂದು ಒಮ್ಮೆ ಕೇಳಿದ್ದಳು.

“ಅದಕ್ಕೇನೂ ಆಗಿಲ್ಲ ಮಹಾರಾಣಿ. ನಿನ್ನ ಕೈಗೆ ಪುರುಸೊತ್ತಿಲ್ಲ.”

ಆಮೇಲೆ ಉಸ್ತಾದರಿಗೆ ಲಕ್ವ ಹೊಡೆಯಿತು. ಎದ್ದರು, ನಡೆದರು, ಬೈಯುವುದೂ ಮರಳಿತು. ಎಡಗೈಯ ಬಲ ಮಾತ್ರ ಮರಳಲಿಲ್ಲ. ಗೇರು ಹಾಕುವ ಕೈ ಅದು. ಕೆಂಪು ಕಾರು ಗೋಣಿತಾಟಿನ ಕೆಳಗೆ ನಿಂತಿತು. ಅವರು ದಿನವೂ ಅದರ ಪಕ್ಕ ಕೂತು ಚಹಾ ಕುಡಿಯುತ್ತಿದ್ದರು, ಅದರ ಕಡೆ ನೋಡದೆ.

ಶಾಂಭವಿಗೆ ಸಹಿಸಲಾಗಲಿಲ್ಲ. ಅವರು ಮತ್ತೆ ಓಡಿಸಬೇಕು. ಓಡಿಸಿ, ಜೀವಮಾನದಲ್ಲೊಮ್ಮೆ ತನಗೆ ‘ಭೇಷ್’ ಎನ್ನಬೇಕು.

ಅವರು ಮಗಳ ಮನೆಗೆ ಹೋದ ವಾರ ಗೇರ್‌ಬಾಕ್ಸ್ ಬಿಚ್ಚಿದಳು. ಗೇರು ಬದಲಿಸುವ ಸರಳಿನ ಮೇಲೆ ಆಳವಾದ ಕಚ್ಚುಗಳಿದ್ದವು. ಸ್ಪ್ರಿಂಗು ಒತ್ತಿದ ಉಕ್ಕಿನ ಪುಟ್ಟ ಗುಂಡು ಆ ಕಚ್ಚಿನಲ್ಲಿ ಕೂತು ಲಿವರನ್ನು ತಡೆಯುತ್ತಿತ್ತು. ಕಚ್ಚುಗಳ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದಳು. ಮೆತ್ತನೆಯ ಸ್ಪ್ರಿಂಗು ಹಾಕಿದಳು. ಲಿವರನ್ನು ಉದ್ದ ಮಾಡಿದಳು. ಈಗ ಎರಡು ಬೆರಳು ಸಾಕು.

ಉಸ್ತಾದ್ ಬಂದರು. ಶಾಂಭವಿ ಗೋಣಿತಾಟು ಸರಿಸಿ ಉದ್ದವಾದ ಲಿವರು ತೋರಿಸಿದಳು. ಅವರು ಸೀಟಿನಲ್ಲಿ ಕೂತರು. ಕಾರು ದಂಡೆಯ ರಸ್ತೆಗಿಳಿಯಿತು. ಪಕ್ಕದಲ್ಲಿ ಶಾಂಭವಿ ಅವರ ಎಡಗೈಯನ್ನೇ ನೋಡುತ್ತಿದ್ದಳು.

ಎರಡನೇ ಗೇರು. ಕೈ ನಡುವೆ ನಿಂತಿತು, ಹಳೆಯ ಅರೆ ಉಸಿರಿಗೆ. ಲಿವರು ನಿಲ್ಲಲಿಲ್ಲ, ಕೈಯ ಭಾರಕ್ಕೇ ಜಾರಿ ಗೇರಿಗೆ ಬಿತ್ತು. ಕಾರು ಮುಗ್ಗರಿಸಿತು.

ಇನ್ನೊಮ್ಮೆ ಹಾಕಿದರು. ಮತ್ತೆ ಅದೇ.

“ಅಭ್ಯಾಸ ಆಗುತ್ತೆ ಉಸ್ತಾದ್. ಈಗ ಕಾಯೋದೇ ಬೇಡ.”

ಅವರು ಕಾರು ತಿರುಗಿಸಿ ಚಪ್ಪರದಡಿ ತಂದು ನಿಲ್ಲಿಸಿದರು.

“ಹಳೇ ಸರಳು ಎಲ್ಲಿ?”

“ಇದೇ ಉಸ್ತಾದ್. ಅದನ್ನೇ ಉಜ್ಜಿದೆ.”

ಅಸಲು ಭಾಗಕ್ಕೆ ಅರ ಮುಟ್ಟಿಸಬೇಡ, ಅದನ್ನು ನೋಡಿಕೊಂಡು ಹೊಸದು ಮಾಡು: ಆ ಚಪ್ಪರದ ಮೊದಲ ಪಾಠವೇ ಅದು. ಅಂಥ ಸರಳು ಈಗ ಯಾವ ದೇಶದ ಗುಜರಿಯಲ್ಲೂ ಸಿಗದು. ಅದು ಇಬ್ಬರಿಗೂ ಗೊತ್ತಿತ್ತು.

“ನಿಮ್ಮ ಕೈಗೋಸ್ಕರ ಮಾಡಿದ್ದು,” ಎಂದಳು. “ಚೆನ್ನಾಗಿ ಆಗಿಲ್ವಾ?”

“ಚೆನ್ನಾಗಿದೆ. ಭೇಷ್.”

ಉಸ್ತಾದ್ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು.

“ಈಗ ಇದನ್ನ ಯಾರು ಬೇಕಾದರೂ ಓಡಿಸಬಹುದು. ಯಾರಿಗಾದರೂ ಕೊಟ್ಟುಬಿಡು.”